ಕಟಕಟೆಗೆ ಮುಂಚಿನ ಪಾಠ

ಮತ್ತನೂ ಉನ್ಮತ್ತನೂ ಬಾಲನೂ ಹೂಡಿದ ವ್ಯವಹಾರವು ಸಿದ್ಧಿಸದೆಂದು ಯಾಜ್ಞವಲ್ಕ್ಯಸ್ಮೃತಿಯು ವಿಧಿಸುವುದು. ಬುದ್ಧಿ ನೆಲೆಯಲ್ಲಿಲ್ಲದವನು ವಾದಿಯಾಗಲಾರನೆಂದ ಮೇಲೆ ಆಪಾದಿತನಾಗಿ ಕಟಕಟೆಯಲ್ಲಿ ನಿಲ್ಲುವುದೆಂತು? ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಸರ್ವೋಚ್ಚ ನ್ಯಾಯಾಲಯವು 1960ರಲ್ಲಿ, ಡಸ್ಕಿ ಎಂಬವನ ಮೊಕದ್ದಮೆಯಲ್ಲಿ, ಇದಕ್ಕೊಂದು ಅಳತೆಗೋಲನ್ನು ಕೊಟ್ಟಿತು. ಅವನು ತನ್ನ ವಕೀಲನೊಡನೆ ತಕ್ಕಮಟ್ಟಿಗೆ ತಿಳಿದು ಆಲೋಚಿಸಬಲ್ಲನೇ? ತನ್ನ ಮೇಲೆ ನಡೆಯುತ್ತಿರುವುದೇನೆಂಬುದು ಅವನ ಅರಿವಿಗೆ ನಿಲುಕಿದೆಯೇ? ಹೊತ್ತು ಯಾವುದು, ಊರು ಯಾವುದು ಎಂದು ಹೇಳಿಬಿಟ್ಟರೆ ಸಾಲದು.

ಈ ಅಳತೆಗೆ ಬಾರದವನನ್ನು ಆ ದೇಶದಲ್ಲಿ ಆಸ್ಪತ್ರೆಗೆ ಕಳುಹಿಸುವರು. ಅಲ್ಲಿ ಔಷಧದೊಡನೆ ಪಾಠವೂ ಉಂಟು! ನ್ಯಾಯಾಧಿಪತಿ ಯಾರು, ಸರ್ಕಾರದ ವಕೀಲನ ಕೆಲಸವೇನು, ತನ್ನ ವಕೀಲನಿಗೆ ಹೇಳಿದ ಗುಟ್ಟು ಹೊರಬೀಳದೇಕೆ, ತಪ್ಪೊಪ್ಪಿಕೊಂಡರೆ ಕಳೆದುಕೊಳ್ಳುವುದೇನು, ಇವನ್ನೆಲ್ಲ ಮತ್ತೆ ಮತ್ತೆ ಕೇಳಿ, ಅಣಕು ನ್ಯಾಯಾಲಯವನ್ನೂ ಹೂಡಿ ಅಭ್ಯಾಸಮಾಡಿಸುವರು. ಗಿಳಿಪಾಠದ ಅಪಾಯವನ್ನು ಉಪಾಧ್ಯಾಯವೃತ್ತಿಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ‘ನ್ಯಾಯಾಧಿಪತಿಯು ತೀರ್ಪು ಹೇಳುವನು’ ಎಂದು ತಡವರಿಸದೆ ಒಪ್ಪಿಸಿದವನು, ಆ ತೀರ್ಪು ತನ್ನ ಕೊರಳಿಗೇ ಬರತಕ್ಕದ್ದೆಂದು ಅರಿತನೋ ಇಲ್ಲವೋ? ಒಪ್ಪಿಸುವುದು ಬೇರೆ, ಅರ್ಥವಾಗುವುದು ಬೇರೆ.

ಪಾಠವೇ ತಲೆಗೆ ಹತ್ತದವನ ಗತಿ? ಇಂಡಿಯಾನಾ ಸಂಸ್ಥಾನದಲ್ಲಿ ಥಿಯಾನ್ ಜಾಕ್ಸನ್ ಎಂಬ 27 ವರ್ಷದವನಿದ್ದನು. ಕಿವುಡನೂ ಮೂಕನೂ ಆದವನು, ಓದುಬರಹವಿಲ್ಲ, ಬುದ್ಧಿಯು ಶಾಲೆಗೆ ಸೇರದ ಮಗುವಿನಷ್ಟು. ಇಬ್ಬರು ಹೆಂಗಸರಿಂದ ಕಸಿದನೆಂಬ ಸೊತ್ತು ಎಲ್ಲವೂ ಸೇರಿ 9 ಡಾಲರು. 1968ರಲ್ಲಿ ಆಪಾದನೆಯಾಯಿತು, ಬುದ್ಧಿ ಸ್ವಸ್ಥವಾಗುವ ತನಕ ಇರಿಸತಕ್ಕದ್ದೆಂದು ಆಜ್ಞೆಯೂ ಆಯಿತು. ಬಾರದ ಬುದ್ಧಿಗಾಗಿ ಕಾಯುವುದೆಂದರೆ, ಅಪರಾಧವು ಸ್ಥಾಪಿತವಾಗದೆಯೇ ಆಜೀವ ಸೆರೆಯಲ್ಲವೆ? 1972ರಲ್ಲಿ ಸರ್ವೋಚ್ಚ ನ್ಯಾಯಾಲಯವು ಇದನ್ನು ಒಪ್ಪಲಿಲ್ಲ. ಯೋಗ್ಯತೆ ಬಂದೀತೇ ಎಂದು ನೋಡಲು ಬೇಕಾದಷ್ಟು ಕಾಲ ಮಾತ್ರ ಇರಿಸಿಕೊಳ್ಳಬಹುದು. ಬಾರದೆಂದಾದರೆ ಇತರ ರೋಗಿಗಳಿಗಿರುವ ಸಿವಿಲ್ ಕ್ರಮವನ್ನೇ ಅನುಸರಿಸಬೇಕು, ಇಲ್ಲವೆ ಬಿಟ್ಟುಬಿಡಬೇಕು ಎಂದಿತು.

ಬುದ್ಧಿ ಬಂದ ಮೇಲೂ ಕಾದವನ ಕಥೆ ನಮ್ಮ ದೇಶದಲ್ಲಿದೆ. ಅಸ್ಸಾಮಿನ ಮಚಾಂಗ್ ಲಾಲುಂಗನು 1951ರಲ್ಲಿ ಬಂಧಿತನಾಗಿ ತೇಜಪುರದ ಮಾನಸಿಕ ಆಸ್ಪತ್ರೆಗೆ ಸೇರಿದನು. 1967ರಲ್ಲಿ ಅಲ್ಲಿನ ವೈದ್ಯರು ಅವನು ಸ್ವಸ್ಥನಾಗಿರುವನೆಂದು ತಿಳಿಸಿದರು. ಕರೆದೊಯ್ಯಬೇಕಾದದ್ದು ನ್ಯಾಯಾಲಯಕ್ಕೆ, ಒಯ್ದದ್ದು ಗುವಾಹಾಟಿಯ ಸೆರೆಮನೆಗೆ. ಅವನು ಹೊರಬಂದದ್ದು 2005ರಲ್ಲಿ, 1 ರೂಪಾಯಿಯ ಮುಚ್ಚಳಿಕೆಯ ಮೇಲೆ. ಆಗ ಅವನಿಗೆ 77 ವರ್ಷ. ವಿಚಾರಣೆಯು ನಡೆದೇ ಇರಲಿಲ್ಲ.