ಹಡಗಿನ ಪರಿಭಾಷೆ, ಪಯಣಿಗರ ಕಿವಿ

ವಿಹಾರಕ್ಕೆಂದು ಸಾವಿರಾರು ಜನರನ್ನು ಹೊತ್ತು ಸಾಗುವ ಕ್ರೂಸ್ ಹಡಗುಗಳ ಜಾಹೀರಾತುಗಳಲ್ಲಿ ಐಷಾರಾಮಿ ಕೋಣೆ, ಬಾಲ್ಕನಿ, ಸ್ಪಾ, ರಂಗಮಂದಿರಗಳ ಮಾತೇ ತುಂಬಿರುತ್ತದೆ. ಹಡಗನ್ನು ನಡೆಸುವವರ ಮಾತು ಮಾತ್ರ ಬೇರೆಯೇ. ಅವರಿಗೆ ಮುಂಭಾಗವು ಬೋ, ಹಿಂಭಾಗವು ಸ್ಟರ್ನ್, ಅಂತಸ್ತು ಡೆಕ್, ಅಡುಗೆಮನೆ ಗ್ಯಾಲಿ, ಹಡಗನ್ನು ನಿಯಂತ್ರಿಸುವ ಕೋಣೆ ಬ್ರಿಡ್ಜ್. ಇದನ್ನು ನಾವಿಕರ ವೃತ್ತಿಯ ಶೋಕಿಯೆಂದು ಬದಿಗಿಡುವುದು ತರವಲ್ಲ, ಏಕೆಂದರೆ ಇವುಗಳಲ್ಲಿ ಕೆಲವು ಪದಗಳ ಹಿಂದೆ ಜೀವ ಉಳಿಸುವ ಲೆಕ್ಕಾಚಾರವಿದೆ.

ಎಡ, ಬಲ ಎಂಬ ಮಾತುಗಳು ಆಡುವವನು ಮುಖ ಮಾಡಿದ ದಿಕ್ಕನ್ನು ಅನುಸರಿಸಿ ಅದಲುಬದಲಾಗುತ್ತವೆ. ಹೀಗಾಗಿ ಮುಂಭಾಗಕ್ಕೆ ಮುಖ ಮಾಡಿ ನಿಂತಾಗ ಎಡಕ್ಕೆ ಬರುವ ಪಾರ್ಶ್ವವನ್ನು ಪೋರ್ಟ್ ಎಂದೂ ಬಲಕ್ಕೆ ಬರುವುದನ್ನು ಸ್ಟಾರ್‌ಬೋರ್ಡ್ ಎಂದೂ ಶಾಶ್ವತವಾಗಿ ಗೊತ್ತುಮಾಡಲಾಗಿದೆ. ಎಡಗಡೆಗೆ ಹಿಂದೆ ಲಾರ್‌ಬೋರ್ಡ್ ಎಂಬ ಹೆಸರಿತ್ತು. ಗಾಳಿಯ ಅಬ್ಬರದಲ್ಲಿ ಕೂಗಿ ಹೇಳಿದಾಗ ಎರಡೂ ಬದಿಗಳ ಹೆಸರುಗಳು ಒಂದೇ ರೀತಿ ಕೇಳಿಸುತ್ತಿದ್ದುದರಿಂದ ಬ್ರಿಟಿಷ್ ನೌಕಾಪಡೆಯು 1844ರಲ್ಲಿ ಅದನ್ನು ಕೈಬಿಟ್ಟಿತು. ರಾತ್ರಿಯಲ್ಲಿ ಪೋರ್ಟ್ ಬದಿಗೆ ಕೆಂಪು ದೀಪ, ಸ್ಟಾರ್‌ಬೋರ್ಡ್ ಬದಿಗೆ ಹಸಿರು ದೀಪ ಉರಿಯುವುದರಿಂದ ಎದುರಿನ ಹಡಗು ಯಾವ ಕಡೆಗೆ ಸಾಗುತ್ತಿದೆಯೆಂಬುದು ಕತ್ತಲಲ್ಲೂ ತಿಳಿಯುತ್ತದೆ.

ಬಹುಮಂದಿ ತಪ್ಪಾಗಿ ಗ್ರಹಿಸುವ ಪದವೆಂದರೆ ಗ್ರಾಸ್ ಟನೇಜ್. ಟನ್ನಿನ ಛಾಯೆಯಿರುವುದರಿಂದ ಇದು ಹಡಗಿನ ತೂಕವೆಂದು ತೋರಿದರೂ, ವಾಸ್ತವವಾಗಿ ಇದು ಹಡಗಿನೊಳಗಿನ ಮುಚ್ಚಿದ ಜಾಗಗಳ ಒಟ್ಟು ಗಾತ್ರವನ್ನು ಆಧರಿಸಿದ ಅಳತೆ. ಈ ಅಳತೆಯು ದ್ರಾಕ್ಷಾರಸದ ಪೀಪಾಯಿಗಳು ಎಷ್ಟು ಹಿಡಿಯುತ್ತವೆಂದು ಹಡಗನ್ನು ಅಳೆಯುತ್ತಿದ್ದ ಯೂರೋಪಿನ ಹಳೆಯ ರೂಢಿಯಿಂದ ಬಂದುದು. 1969ರ ಅಂತರರಾಷ್ಟ್ರೀಯ ಒಪ್ಪಂದವು ಇದಕ್ಕೊಂದು ಏಕರೂಪದ ಸೂತ್ರವನ್ನು ನೀಡಿತು. 2024ರಲ್ಲಿ ಯಾನ ಆರಂಭಿಸಿದ ಐಕಾನ್ ಆಫ್ ದಿ ಸೀಸ್ ಹಡಗಿನ ಗ್ರಾಸ್ ಟನೇಜ್ ಸುಮಾರು 2,48,000. ಈ ಸಂಖ್ಯೆಯನ್ನು ಕೋಣೆಗೆ ಇಬ್ಬರಂತೆ ಎಣಿಸಿದ ಪ್ರಯಾಣಿಕರ ಸಂಖ್ಯೆಯಿಂದ ಭಾಗಿಸಿದರೆ ತಲೆಗೆಷ್ಟು ಜಾಗವೆಂಬ ಅಂದಾಜು ಸಿಗುತ್ತದೆ. ಐಕಾನ್‌ನಲ್ಲಿ ಇದು ಸುಮಾರು 44. ಟಿಕೆಟ್ ಕೊಳ್ಳುವವರಿಗೆ ಬಣ್ಣದ ಚಿತ್ರಗಳಿಗಿಂತ ಈ ಒಂದು ಭಾಗಾಕಾರವೇ ಹೆಚ್ಚು ನಿಜ ಹೇಳುತ್ತದೆ.

ವೇಗದ ಅಳತೆಯಾದ ನಾಟ್ ಗಂಟೆಗೆ 1.852 ಕಿಲೋಮೀಟರಿಗೆ ಸಮ. ಹಡಗಿಗೂ ದಡಕ್ಕೂ ನಡುವೆ ಹಾಕುವ ಕಾಲುಸೇತುವೆ ಗ್ಯಾಂಗ್‌ವೇ. ಪಣಂಬೂರಿನ ನವಮಂಗಳೂರು ಬಂದರಿನಲ್ಲಿ ಹಡಗು ಧಕ್ಕೆಗೇ ತಾಗಿ ನಿಲ್ಲುವುದರಿಂದ ಪ್ರವಾಸಿಗರು ಇದರ ಮೇಲೆಯೇ ನಡೆದು ಇಳಿಯುತ್ತಾರೆ. ಗ್ರೀಸಿನ ಸಾಂಟೊರಿನಿಯಂತಹ ಕಡೆಗಳಲ್ಲಾದರೋ ದೊಡ್ಡ ಹಡಗು ದೂರದಲ್ಲೇ ನಿಂತು, ಜನರನ್ನು ಟೆಂಡರ್ ಎಂಬ ಸಣ್ಣ ದೋಣಿಗಳಲ್ಲಿ ದಡ ಸೇರಿಸಬೇಕಾಗುತ್ತದೆ. ಎಷ್ಟೋ ಹಡಗುಗಳಲ್ಲಿ ಈ ಟೆಂಡರ್‌ಗಳೇ ಆಪತ್ತಿನಲ್ಲಿ ಜೀವರಕ್ಷಕ ದೋಣಿಗಳೂ ಆಗುತ್ತವೆ.

ಎಲ್ಲಕ್ಕಿಂತ ಗಂಭೀರವಾಗಿ ಕೇಳಿಸಿಕೊಳ್ಳಬೇಕಾದ ಪದ ಮಸ್ಟರ್. ಅಪಾಯದ ಹೊತ್ತಿನಲ್ಲಿ ಪ್ರತಿಯೊಬ್ಬ ಪ್ರಯಾಣಿಕನೂ ಬಂದು ಸೇರಬೇಕಾದ ನಿಗದಿತ ಸ್ಥಳವು ಮಸ್ಟರ್ ಸ್ಟೇಷನ್. ಅದರ ಗುರುತಿನ ಅಕ್ಷರವನ್ನು ಸಾಮಾನ್ಯವಾಗಿ ಕೋಣೆಯ ಕೀಲಿಯೂ ಆಗಿರುವ ಕಾರ್ಡಿನ ಮೇಲೆ ಮುದ್ರಿಸಿರುತ್ತಾರೆ. ಏಳು ಗಿಡ್ಡ ಸೀಟಿಗಳ ಬೆನ್ನಿಗೇ ಒಂದು ದೀರ್ಘ ಸೀಟಿ ಮೊಳಗಿದರೆ ಅಲ್ಲಿಗೆ ಹೋಗಬೇಕೆಂದು ಅರ್ಥ. 1912ರಲ್ಲಿ ಟೈಟಾನಿಕ್ ಮುಳುಗಿದ ಬಳಿಕ, 1914ರಲ್ಲಿ ರೂಪುಗೊಂಡ ಸಮುದ್ರಯಾನ ಸುರಕ್ಷತೆಯ ಒಪ್ಪಂದವು ಮುಂದೆ ಹಲವು ಬಾರಿ ಪರಿಷ್ಕೃತವಾದರೂ, ಹೀಗೆ ಬಂದು ಸೇರುವ ತಾಲೀಮನ್ನು ಪ್ರಯಾಣಿಕರು ಹಡಗು ಹತ್ತಿದ 24 ಗಂಟೆಗಳೊಳಗೆ ನಡೆಸಿದರೆ ಸಾಕೆಂಬ ಸಡಿಲಿಕೆ ಬಹುಕಾಲ ಉಳಿದಿತ್ತು. 2012ರ ಜನವರಿ 13ರ ರಾತ್ರಿ ಇಟಲಿಯ ಜಿಲ್ಯೊ ದ್ವೀಪದ ಬಳಿ ಕೋಸ್ಟಾ ಕಾಂಕಾರ್ಡಿಯಾ ಎಂಬ ಕ್ರೂಸ್ ಹಡಗು ಬಂಡೆಗೆ ತಗುಲಿ ವಾಲಿ 32 ಮಂದಿ ಸತ್ತಾಗ, ಅಂದೇ ಚಿವಿಟವೆಕ್ಕಿಯಾ ಬಂದರಿನಲ್ಲಿ ಹಡಗು ಹತ್ತಿದ್ದ ನೂರಾರು ಜನರಿಗೆ ತಾಲೀಮು ಇನ್ನೂ ನಡೆದೇ ಇರಲಿಲ್ಲ. ನಿಯಮದಲ್ಲಿ ಅದಕ್ಕೆ ಅವಕಾಶವಿದ್ದುದೇ ಈ ದುರಂತದ ಅತ್ಯಂತ ನೋವಿನ ಅಂಶ. 2015ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ, 24 ಗಂಟೆಗಿಂತ ಹೆಚ್ಚಿನ ಯಾನಕ್ಕೆ ಹೊಸದಾಗಿ ಹತ್ತಿದವರ ತಾಲೀಮು ಹಡಗು ಹೊರಡುವ ಮೊದಲೇ ಅಥವಾ ಹೊರಟ ತಕ್ಷಣವೇ ನಡೆಯಬೇಕು. ಈಗ ಹಲವು ಹಡಗುಗಳಲ್ಲಿ ಸೂಚನೆಗಳನ್ನು ಫೋನಿನಲ್ಲಿ ನೋಡಬಹುದಾದರೂ, ಪ್ರಯಾಣಿಕನು ತನ್ನ ಮಸ್ಟರ್ ಸ್ಟೇಷನ್ನಿಗೆ ಖುದ್ದಾಗಿ ನಡೆದುಹೋಗಿ, ಅಲ್ಲಿನ ಸಿಬ್ಬಂದಿಯ ಮುಂದೆ ಕಾರ್ಡು ತೋರಿಸಿ ಹಾಜರಿ ಹಾಕಿಸಬೇಕಾಗುತ್ತದೆ.