ಕುಳ್ಳನ ವಾಹನಾನ್ವೇಷಣೆ

ನನ್ನ ಎತ್ತರ ಐದು ಅಡಿಗೆ ಒಂದು ಅಂಗುಲ ಕಡಮೆ. ನಲವತ್ತೆರಡು ವರ್ಷಗಳವರೆಗೆ ಈ ಕೊರತೆಯಿಂದ ಹೇಳಿಕೊಳ್ಳತಕ್ಕ ತೊಂದರೆಯೇನೂ ಒದಗಿರಲಿಲ್ಲ. ಕರಿಹಲಗೆಯ ಮೇಲಂಚು ಎಟುಕದಿದ್ದರೆ ಕೆಳಗೆ ಬರೆದರಾಯಿತು. ಆದರೆ ತೀರ್ಥಹಳ್ಳಿಯ ಕಡೆಯ ಒಂದು ಹಳ್ಳಿಯ ಶಾಲೆಗೆ ವರ್ಗವಾಗಿ, ಬಸ್ಸು ಇಳಿಯುವಲ್ಲಿಂದ ಶಾಲೆಗೆ ಹದಿನಾಲ್ಕು ಕಿಲೋಮೀಟರ್ ದಾರಿಯೆಂದು ತಿಳಿದ ದಿನ, ಮೋಟಾರು ಸೈಕಲ್ಲಿನ ಯೋಚನೆ ಬಂದಿತು. ಅದರ ಹಿಂದೆಯೇ ಆ ಒಂದು ಅಂಗುಲವೂ ನೆನಪಿಗೆ ಬಂದಿತು.

"ನೀವು ಸ್ಕೂಟರನ್ನೇ ಏಕೆ ಕೊಳ್ಳಬಾರದು?" ಎಂದು ನನ್ನ ಹೆಂಡತಿ ಕೇಳಿದಳು. ಯುಕ್ತವಾದ ಪ್ರಶ್ನೆಯೇ. ಆದರೆ ಆ ದಾರಿ ಅರ್ಧ ಜಲ್ಲಿ, ಅರ್ಧ ಕೆಸರು. ಸ್ಕೂಟರಿನ ಹತ್ತು ಹನ್ನೆರಡು ಅಂಗುಲದ ಗಾಲಿ ಇಳಿದು ಕೂರುವ ಗುಂಡಿಯನ್ನು ಹದಿನೆಂಟು ಅಂಗುಲದ ಗಾಲಿ ದಾಟಿಬಿಡುತ್ತದೆ. ಮಲೆನಾಡಿನ ಮಳೆಗಾಲವನ್ನು ಕಂಡವರಿಗೆ ಇದನ್ನು ವಿವರಿಸಬೇಕಾದುದಿಲ್ಲ.

ಅಭ್ಯಾಸಕ್ಕೆಂದು ಭಾವನವರು ತಮ್ಮ ಬುಲೆಟ್ 350ರ ಮೇಲೆ ನನ್ನನ್ನು ಕೂರಿಸಿದರು. ಪೀಠದ ಎತ್ತರ 805 ಮಿಲಿಮೀಟರ್, ತೂಕ 195 ಕಿಲೋಗ್ರಾಂ. ಓಡುತ್ತಿರುವಷ್ಟು ಹೊತ್ತು ಅದು ಬಲು ಸಾಧು. ಎದುರಿಗೆ ಲಾರಿಯೊಂದು ಬರಲು, ರಸ್ತೆಯ ಎಡದಂಚಿಗೆ ಸರಿದು ನಿಲ್ಲಿಸಿ ಎಡಗಾಲನ್ನು ಚಾಚಿದೆ, ನೆಲವಿರಬೇಕಾದಲ್ಲಿ ನೆಲವಿರಲಿಲ್ಲ. ವಾಹನ ಅವಸರವಿಲ್ಲದೆ ಮಲಗಿತು. ನಾನೂ ಅದರೊಡನೆ ಮಲಗಿದೆ. ಚಹದಂಗಡಿಯಿಂದ ಮೂವರು ಬಂದು ಎತ್ತಿದರು. ಹದಿನೈದು ದಿನ ಕುಂಟಿದೆ. ವರ್ಗವನ್ನು ರದ್ದುಪಡಿಸಬೇಕೆಂದು ಅರ್ಜಿಯನ್ನೂ ಬರೆದೆ. ಕಾರಣವೆಂಬಲ್ಲಿ ಏನು ಬರೆಯುವುದೆಂದು ತೋಚದೆ ಅದು ಮೇಜಿನಲ್ಲಿಯೇ ಉಳಿಯಿತು.

ಅನಂತರ ಅಂಗಡಿಗಳನ್ನು ಸುತ್ತಿದೆ. ಮೀಟಿಯೊರ್ 350ರ ಪೀಠ 765 ಮಿಲಿಮೀಟರ್, ಅವೆಂಜರಿನದು 737. ಕಾಗದದ ಮೇಲೆ ಇವು ನನಗಾಗಿಯೇ ಹುಟ್ಟಿದಂತಿದ್ದುವು. ಆದರೆ ಮೊದಲನೆಯದು 191 ಕಿಲೋಗ್ರಾಂ. ಎರಡನೆಯದರಲ್ಲಿ ಕಾಲಿಡುವ ಮೆಟ್ಟು ಮುಂದಕ್ಕೆ. ಅದನ್ನು ಮುಟ್ಟಲು ನಾನು ಪೀಠದ ತುದಿಗೆ ಜಾರಿ ಕೂರಬೇಕಾಯಿತು. ಒಬ್ಬ ವ್ಯಾಪಾರಿಯಂತೂ, ಯಾವ ಗಾಡಿಯಾದರೂ ಸರಿ, ಪೀಠದ ಸ್ಪಂಜನ್ನು ಕೆತ್ತಿಸಿ ಹಿಂದಿನ ಶಾಕನ್ನು ತಗ್ಗಿಸಿಕೊಡುತ್ತೇನೆಂದು ಮುಂಗಡ ಕೇಳಿದನು.

ನಮ್ಮೂರಿನ ಮೆಕ್ಯಾನಿಕ್ ಸಾಹೇಬರು ಇದನ್ನು ಕೇಳಿ ತಲೆಯಾಡಿಸಿದರು. "ತಗ್ಗಿಸಿದರೆ ಹೊಟ್ಟೆ ಕಲ್ಲಿಗೆ ತಗಲುತ್ತೆ, ಮೇಷ್ಟ್ರೇ. ಪಕ್ಕದ ಸ್ಟ್ಯಾಂಡು ಉದ್ದವಾಗಿ ಗಾಡಿ ನೆಟ್ಟಗೆ ನಿಲ್ಲುತ್ತೆ. ಯಾರಾದರೂ ಮುಟ್ಟಿದರೆ ಆ ಕಡೆಗೆ ಬೀಳುತ್ತೆ. ಎತ್ತರ ಆಮೇಲೆ ನೋಡೋಣ. ವಾಲಿದಾಗ ನಿಮ್ಮ ಕೈಲಿ ನಿಲ್ಲುತ್ತಾ ಅನ್ನೋದನ್ನ ಮೊದಲು ನೋಡಿ." ಹೀಗೆಂದು, ರಿಪೇರಿಗೆ ಬಂದಿದ್ದ ಒಂದು ಸ್ಪ್ಲೆಂಡರಿನ ಮೇಲೆ ನನ್ನನ್ನು ಕೂರಿಸಿ, ಬೇಕೆಂದೇ ಪಕ್ಕಕ್ಕೆ ತಳ್ಳಿದರು. ವಾಹನ ವಾಲಿತು, ನಾನು ತಡೆದೆ.

ಅದರ ಪೀಠ 785 ಮಿಲಿಮೀಟರ್. ಬುಲೆಟ್ಟಿಗಿಂತ ಕಡಮೆಯೆಂದರೆ ಅಂಗುಲಕ್ಕೂ ಕಿರಿದಾದ ಅಂತರ. ಆದರೆ ತೂಕ 112 ಕಿಲೋಗ್ರಾಂ. ಮೇಲಾಗಿ ಪೀಠ ಮುಂದೆ ಕಿರಿದಾದುದರಿಂದ ತೊಡೆಗಳು ಅಗಲವಾಗದೆ ಕಾಲು ನೇರವಾಗಿ ಕೆಳಗಿಳಿಯುತ್ತದೆ. ಎರಡು ಕಾಲ್ಬೆರಳುಗಳ ತುದಿಯಲ್ಲಿ ನಿಲ್ಲಲು ಹೆಣಗಬೇಡಿರೆಂದು ಸಾಹೇಬರು ಕಲಿಸಿದರು. ಸೊಂಟವನ್ನು ಎಡಕ್ಕೆ ಸ್ವಲ್ಪ ಜಾರಿಸಿದರೆ ಎಡಪಾದ ಹೆಚ್ಚುಕಡಮೆ ಹಿಮ್ಮಡಿಯವರೆಗೂ ಊರುತ್ತದೆ. ಬಲಪಾದ ಬ್ರೇಕಿನ ಮೇಲೆಯೇ ಇರಬಹುದು.

ನಾನು ಬಿದ್ದ ಕಾರಣವನ್ನು ಹೇಳಿದವರೂ ಅವರೇ. ಮಳೆಯ ನೀರು ಹರಿದುಹೋಗಲೆಂದು ರಸ್ತೆಯ ನಡುವನ್ನು ಉಬ್ಬಿಸಿ ಅಂಚುಗಳನ್ನು ಇಳಿಜಾರು ಮಾಡಿರುತ್ತಾರಷ್ಟೆ. ಎಡಕ್ಕೆ ಸರಿದಷ್ಟೂ ಎಡಗಾಲಿಗೆ ನೆಲ ದೂರ. ಆದುದರಿಂದ ಅಂಚಿಗೆ ಮುಂಚೆಯೇ ನಿಲ್ಲಬೇಕು; ಇಲ್ಲವೆ ಕೈಬ್ರೇಕನ್ನು ಹಿಡಿದು, ಎತ್ತರದ ಕಡೆಗಿರುವ ಬಲಗಾಲನ್ನು ಊರಬೇಕು. ಭಾವನವರು ಇದನ್ನು ನನಗೆ ಹೇಳಿರಲಿಲ್ಲ. ಆರಡಿಯ ಆಳಾದ ಅವರಿಗೆ ಇದು ತಿಳಿಯಬೇಕಾದ ಸಂದರ್ಭವೇ ಬಂದಿರಲಾರದು.

ಸ್ಪ್ಲೆಂಡರನ್ನೇ ಕೊಂಡೆ. ಭಾವನವರು ಅದನ್ನು ಹಾಲು ಹಾಕುವವನ ಗಾಡಿಯೆಂದು ಇಂದಿಗೂ ಹಾಸ್ಯಮಾಡುತ್ತಾರೆ. ಈ ಆಷಾಢದಲ್ಲಿ ಶಾಲೆಯ ದಾರಿಯ ಕೆಸರಿನಲ್ಲಿ ಎರಡು ಸಲ ಬಿದ್ದೆ. ಎರಡು ಸಲವೂ ಹತ್ತಿರದಲ್ಲಿ ನರಪಿಳ್ಳೆಯಿರಲಿಲ್ಲ. ನಾನೇ ಎತ್ತಿ ನಿಲ್ಲಿಸಿದೆ. ಒಂದನೆಯ ಗಂಟೆ ಬಾರಿಸುವ ಹೊತ್ತಿಗೆ ತರಗತಿಯಲ್ಲಿದ್ದೆ.