ಮಳೆಯ ಲೆಕ್ಕ ಕಲಿಸುವ ಊರು

ಮಹಾರಾಷ್ಟ್ರದ ಅಹಮದ್‌ನಗರದಿಂದ (ಈಗಿನ ಅಹಿಲ್ಯಾನಗರ) ಹಿವರೆ ಬಜಾರ್‌ಗೆ ಸುಮಾರು 17 ಕಿ.ಮೀ. ದಾರಿ. ಕಲ್ಲುಗುಡ್ಡ, ಕುರುಚಲು ಗಿಡ, ಜೋಳದ ಹೊಲ... ವಿಜಯಪುರ, ಗದಗದ ಕಡೆಯವರಿಗೆ ಈ ನೋಟ ಹೊಸದೇನಲ್ಲ. ಪಶ್ಚಿಮ ಘಟ್ಟ ಮಳೆಮೋಡಗಳನ್ನು ತಡೆದ ಮೇಲೆ ಉಳಿದದ್ದಷ್ಟೇ ಈ ಸೀಮೆಯ ಪಾಲು. ವರ್ಷಕ್ಕೆ 400 ಮಿ.ಮೀ. ಮಳೆ ಬಂದರೆ ಅದೇ ಹೆಚ್ಚು.

1972ರ ಭೀಕರ ಬರ ಈ ಊರಿನ ಬೆನ್ನು ಮುರಿಯಿತು. ಗುಡ್ಡದ ಮರಗಳು ಸೌದೆಯಾದವು. ತಡೆಯಿಲ್ಲದೆ ಹರಿದ ನೀರು ಹೊಲದ ಮಣ್ಣನ್ನೂ ಹೊತ್ತೊಯ್ದಿತು. ಜನ ಕೂಲಿ ಅರಸಿ ಪುಣೆ, ಮುಂಬೈ ಸೇರಿದರು. ಉಳಿದವರಿಗೆ ಹೆಂಡ, ಜಗಳವೇ ಗತಿ. ಸರ್ಕಾರಿ ನೌಕರರಿಗೆ ಇಲ್ಲಿಗೆ ವರ್ಗವೆಂದರೆ ಶಿಕ್ಷೆ ಎನ್ನುವ ಮಾತಿತ್ತು!

1989ರಲ್ಲಿ ಪೋಪಟರಾವ್ ಪವಾರ್ ಎಂಬ ಯುವಕ ಸರಪಂಚರಾದರು. ಎಂ.ಕಾಂ. ಓದಿದ ಹುಡುಗ, ಒಳ್ಳೆಯ ಕ್ರಿಕೆಟ್ ಆಟಗಾರ. ಪಟ್ಟಣದ ನೌಕರಿ ಹಿಡಿಯಲಿ ಎಂಬುದು ಮನೆಯವರ ಆಸೆ. ಯಾವ ತಂದೆತಾಯಿ ತಾನೇ ಬೇರೆ ಬಯಸಿಯಾರು? ಆದರೆ ಆತ ಊರಲ್ಲೇ ಉಳಿದರು. ಕಣ್ಣ ಮುಂದೆ ಅದೇ ಜಿಲ್ಲೆಯ ರಾಳೇಗಣ ಸಿದ್ಧಿಯ ಮಾದರಿ ಇತ್ತು.

ಊರವರು ಶ್ರಮದಾನಕ್ಕಿಳಿದರು. ಸರ್ಕಾರದ ಯೋಜನೆಗಳೂ ಕೈಜೋಡಿಸಿದವು. ಗುಡ್ಡದ ಇಳಿಜಾರಿಗೆ ಅಡ್ಡಲಾಗಿ ಕಂದಕಗಳು, ಹಳ್ಳಗಳಿಗೆ ಒಡ್ಡುಗಳು, ಇಂಗುಕೆರೆಗಳು ಬಂದವು. ಕಂದಕದಲ್ಲಿ ನಿಂತ ನೀರು ಮಣ್ಣಿಗಿಳಿದು, ನಿಧಾನವಾಗಿ ಕೆಳಗಿನ ಬಾವಿ ಸೇರಿತು. ಗುಡ್ಡದಲ್ಲಿ ದನ ಬಿಡುವಂತಿಲ್ಲ. ಹುಲ್ಲನ್ನು ಕುಡುಗೋಲಿನಿಂದ ಕೊಯ್ದು ಮನೆಗೆ ತರಬೇಕು. ಹುಲ್ಲು ಚಿಗುರಿತು, ಹಾಲು ಹೆಚ್ಚಿತು. ಊರು ಬಿಟ್ಟವರಲ್ಲಿ ಹಲವರು ಮರಳಿ ಬಂದರು.

ಆದರೆ ಕಂದಕ ತೋಡುವುದು ಸುಲಭ, ಬಾವಿಯಲ್ಲಿ ಬಂದ ನೀರನ್ನು ಕಾಯುವುದು ಕಷ್ಟ. ನೀರು ಕಂಡೊಡನೆ ಕಬ್ಬು ನೆಡುವ ಆಸೆ ಯಾರಿಗಿಲ್ಲ? ಹಿವರೆ ಬಜಾರ್‌ನ ಗ್ರಾಮಸಭೆ ಕಬ್ಬು, ಬಾಳೆ ಬೇಡವೆಂದಿತು. ನೀರಾವರಿಗೆ ಕೊಳವೆಬಾವಿ ಬೇಡ, ಹೊರಗಿನವರಿಗೆ ಜಮೀನು ಮಾರುವುದೂ ಬೇಡ ಎಂದಿತು. ಮಳೆಗಾಲ ಮುಗಿದ ಮೇಲೆ ಊರು ಒಟ್ಟಾಗಿ ಕುಳಿತು ನೀರಿನ ಆಯವ್ಯಯ ಹಾಕುತ್ತದೆ. ಮೊದಲು ಜನರಿಗೆ, ದನಕರುಗಳಿಗೆ; ಮಿಕ್ಕದ್ದು ಬೆಳೆಗೆ. ಮಳೆ ಕಡಿಮೆಯಾದ ವರ್ಷ ಹೆಚ್ಚು ನೀರು ಬೇಡುವ ಬೆಳೆ ಕೈಬಿಡಬೇಕು. ಈ ಲೆಕ್ಕದ ಪಾಠ ಶಾಲೆಯ ಮಕ್ಕಳಿಗೂ ಉಂಟು. ಮಳೆ ಅಳೆಯುವುದು, ಬಾವಿಯ ಮಟ್ಟ ನೋಡುವುದು ಅವರಿಗೆ ಗೊತ್ತು.

ಈಗ ಬೇರೆ ಹಳ್ಳಿಗಳ ಪಂಚಾಯಿತಿ ಸದಸ್ಯರು, ಯುವಕರು, ಅಧಿಕಾರಿಗಳು ಕಲಿಯಲು ಇಲ್ಲಿಗೆ ಬರುತ್ತಾರೆ. 2020ರಲ್ಲಿ ಪವಾರ್ ಅವರಿಗೆ ಪದ್ಮಶ್ರೀ ಘೋಷಣೆಯಾಯಿತು. ಬಂದವರು ಒಡ್ಡಿನ ಅಳತೆ ಬರೆದುಕೊಂಡು ಹೋಗುವುದು ಸಹಜ. ಆದರೆ ಇಲ್ಲಿ ಕಲಿಯಬೇಕಾದ ಮುಖ್ಯ ಪಾಠ ಒಡ್ಡಿನದಲ್ಲ, ನೆರೆಹೊರೆಯವರ ಮುಂದೆ ನಿಂತು ‘ಈ ವರ್ಷ ಬೇಡ’ ಎನ್ನುವ ಧೈರ್ಯದ್ದು. ಆ ಮಾತನ್ನು ಮೊದಲು ತನ್ನ ಹೊಲದಲ್ಲೇ ಪಾಲಿಸುವ ನಿಷ್ಠೆಯದ್ದು. ನೆಲ ಕಾಯುವ ಮುಂದಾಳು ತಯಾರಾಗುವುದು ಹೀಗೆ.

ಮಕ್ಕಳೊಂದಿಗೆ ಶಿರಡಿ ಯಾತ್ರೆಗೆ ಹೊರಟವರು ಒಂದು ದಿನ ಹೆಚ್ಚಿಗೆ ಇಟ್ಟುಕೊಂಡು ಈ ಊರನ್ನೂ ನೋಡಬಹುದು. ಮಳೆಗಾಲ ಮುಗಿಯುವ ಹೊತ್ತು ಚೆನ್ನ. ಹೊರಡುವ ಮೊದಲು ಮನೆಯಲ್ಲೇ ಒಂದು ಪ್ರಶ್ನೆ ಕೇಳಿಕೊಳ್ಳಿ: ನಮ್ಮೂರಿಗೆ ಈ ವರ್ಷ ಎಷ್ಟು ಮಳೆ ಬಂತು?